ಗೆಳೆಯನಿಗೆ ಜಾಗವೆಲ್ಲಿ? ‘ಶರಪಂಜರ’ ಮತ್ತು ‘ಅಂಚು’ ಕಾದಂಬರಿಗಳ ಮರುಓದು

ಮನೋರೋಗವನ್ನು ಕುರಿತ ಬರವಣಿಗೆಗೆ ಕನ್ನಡದಲ್ಲಿ ಕೊರತೆಯಿಲ್ಲ. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿ (1928–1963) ಈ ವಸ್ತುವನ್ನು ಮಧ್ಯಮವರ್ಗದ ನಡುಮನೆಗೇ ತಂದರು. ವೈದ್ಯರಾಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಎಸ್.ಎಲ್. ಭೈರಪ್ಪನವರ ‘ಅಂಚು’ 1990ರಲ್ಲಿ ಪ್ರಕಟವಾಯಿತು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಸಿ.ಆರ್. ಚಂದ್ರಶೇಖರ್ ಅವರ ಕೈಪಿಡಿಗಳಂತೂ ಹಳ್ಳಿಯ ಗ್ರಂಥಾಲಯಗಳಿಗೂ ತಲಪಿವೆ. ಈ ಸಾಹಿತ್ಯದಲ್ಲಿ ರೋಗಿ ಇದ್ದಾರೆ, ಗಂಡ, ಅತ್ತೆ, ಪ್ರೇಮಿ, ವೈದ್ಯ ಇದ್ದಾರೆ. ರೋಗಿಯ ಸ್ನೇಹಿತ, ಅಂದರೆ ರಕ್ತಸಂಬಂಧವಾಗಲಿ ಪ್ರೇಮಸಂಬಂಧವಾಗಲಿ ಇಲ್ಲದೆ ವರ್ಷಗಟ್ಟಲೆ ಜತೆಯಲ್ಲಿ ಓಡಾಡಿದವನು, ಎಲ್ಲಿದ್ದಾನೆ ಎಂಬುದು ಈ ಲೇಖನದ ಪ್ರಶ್ನೆ.

ಪ್ರಶ್ನೆ ನನಗೆ ಹುಟ್ಟಿದ್ದು ಅಧ್ಯಯನದ ಮೇಜಿನ ಮೇಲಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಳಿಯ ಕಡೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದ ನನ್ನ ಆಪ್ತ ಗೆಳೆಯನಿಗೆ ಸ್ಕಿಜೋಫ್ರೇನಿಯಾ ಇದೆಯೆಂದು ತಿಳಿದು ಇಪ್ಪತ್ತು ವರ್ಷಗಳ ಮೇಲಾಯಿತು. ಹೊಸೂರಿನವರಾದ ನಮಗೆ ಬೆಂಗಳೂರು ನಲವತ್ತು ಕಿಲೋಮೀಟರು. ನಿಮ್ಹಾನ್ಸ್ ಇರುವ ರಸ್ತೆಗೆ ಅಲ್ಲಿ ನಮ್ಮ ಊರಿನದೇ ಹೆಸರು, ಹೊಸೂರು ರಸ್ತೆ. ಅತ್ತಿಬೆಲೆಯ ಗಡಿ ದಾಟಿ ಆ ದಾರಿಯಲ್ಲಿ ಅವನೊಡನೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೆಂದು ಲೆಕ್ಕವಿಟ್ಟಿಲ್ಲ. ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕಾಯುವಾಗ ಓದುವುದಕ್ಕೆಂದು ಒಮ್ಮೆ ಅವನೇ ಕೈಚೀಲದಿಂದ ‘ಶರಪಂಜರ’ವನ್ನು ತೆಗೆದುಕೊಟ್ಟ.

ಕಾದಂಬರಿಯ ಕಥೆ ಓದುಗರಿಗೆ ಪರಿಚಿತವೇ. ಹೆರಿಗೆಯ ಬಳಿಕ ಕಾವೇರಿಯ ಮನಸ್ಸು ಕದಡುತ್ತದೆ. ಆಕೆ ಆಸ್ಪತ್ರೆಗೆ ಸೇರಿ ಗುಣವಾಗಿ ಮನೆಗೆ ಮರಳುತ್ತಾಳೆ. ಮನೆ ಮಾತ್ರ ಆಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಕ್ಕರೆ ಅನುಮಾನ, ಅತ್ತರೂ ಅನುಮಾನ. ಗಂಡನ ಮನಸ್ಸು ಬೇರೊಬ್ಬಳಲ್ಲಿ. ಕೊನೆಗೆ ರೋಗ ಮರುಕಳಿಸುತ್ತದೆ. ‘ಹುಚ್ಚಿ’ ಎಂಬ ಮಾತೇ ಹುಚ್ಚನ್ನು ಹುಟ್ಟಿಸಬಲ್ಲದು ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳಿದ ಕಾದಂಬರಿ ಅಂದಿನ ಕನ್ನಡದಲ್ಲಿ ಮತ್ತೊಂದಿರಲಿಲ್ಲ. ಲೇಖಕಿಯೇ 1963ರಲ್ಲಿ ಬಾಣಂತಿಯಾಗಿದ್ದಾಗ ತೀರಿಕೊಂಡರೆಂಬುದನ್ನು ನೆನೆದರೆ ಈ ಕೃತಿಯನ್ನು ಟೀಕಿಸುವ ಮನಸ್ಸೇ ಬಾರದು. ಪುಟ್ಟಣ್ಣ ಕಣಗಾಲರ 1971ರ ಚಿತ್ರವಂತೂ ಕಲ್ಪನಾ ಅವರ ಅಭಿನಯದಿಂದ ಕಾವೇರಿಯನ್ನು ಕನ್ನಡಿಗರ ಮನೆಮಾತಾಗಿಸಿತು.

ನಾನು ಓದಿ ಮುಗಿಸಿದ ಮೇಲೆ ಗೆಳೆಯ ಕೇಳಿದ್ದು ಒಂದೇ ಪ್ರಶ್ನೆ: “ಕಾವೇರಿಗೆ ಮಾತ್ರೆ ಯಾರು ತಂದುಕೊಡುತ್ತಿದ್ದರು?”

ನಾನು ಕಂಡ ಯಾವ ವಿಮರ್ಶೆಯೂ ಕೇಳದ ಪ್ರಶ್ನೆ ಇದು. ‘ಶರಪಂಜರ’ದಲ್ಲಿ ರೋಗವು ಬರುತ್ತದೆ, ಹೋಗುತ್ತದೆ, ಸಮಾಜದ ಕ್ರೌರ್ಯದಿಂದ ಮತ್ತೆ ಬರುತ್ತದೆ. ಅದು ನಾಟಕದ ಅಂಕಗಳ ಹಾಗೆ. ಮನೋರೋಗದ ಔಷಧಗಳು ಬಳಕೆಗೆ ಬಂದದ್ದೇ 1950ರ ದಶಕದಲ್ಲಿ. ವರ್ಷಗಟ್ಟಲೆ ಮಾತ್ರೆ ನುಂಗುತ್ತ, ಕೈ ನಡುಗುತ್ತ, ಮೈ ದಪ್ಪವಾಗುತ್ತ, ಪೂರ್ತಿ ಗುಣವೂ ಅಲ್ಲದ ಪೂರ್ತಿ ರೋಗವೂ ಅಲ್ಲದ ಬಾಳನ್ನು ಬಾಳುವ ರೋಗಿ ತ್ರಿವೇಣಿಯವರ ಕಣ್ಣಿಗೆ ಬೀಳುವ ಹೊತ್ತಿಗೆ ಇನ್ನೂ ಕಾಲವಿತ್ತು. ಆದ್ದರಿಂದ ಇದನ್ನು ಅವರ ದೋಷವೆನ್ನಲಾರೆ. ದೋಷ ನಮ್ಮ ಓದಿನದು. ರೋಗ ಮರುಕಳಿಸಿದಾಗಲೆಲ್ಲ ‘ಮನೆಯವರು ಏನೋ ಅಂದಿರಬೇಕು’ ಎಂದು ಊಹಿಸುವುದನ್ನು ನಾವು ಈ ಕೃತಿಯಿಂದ, ಅದಕ್ಕಿಂತ ಹೆಚ್ಚಾಗಿ ಅದರ ಚಿತ್ರದಿಂದ, ಕಲಿತೆವು. ಗೆಳೆಯನಿಗೆ ಎರಡು ಬಾರಿ ಮರುಕಳಿಸಿದ್ದು, ‘ಈಗ ಚೆನ್ನಾಗಿದ್ದೇನಲ್ಲ’ ಎಂದು ಅವನೇ ಮಾತ್ರೆ ಬಿಟ್ಟಿದ್ದರಿಂದ. ಆಗ ನಾನೂ ‘ಶರಪಂಜರ’ದ ಓದುಗನಾಗಿ ಅವನ ತಾಯಿಯನ್ನು ಅನುಮಾನಿಸಿದೆ. ಆ ತಾಯಿ ನನ್ನ ಮಾತನ್ನು ಕೇಳಿಸಿಕೊಂಡು, “ಊಟ ಮಾಡ್ಕೊಂಡು ಹೋಗು ಮಗಾ” ಎಂದಷ್ಟೇ ಹೇಳಿದರು.

ಇನ್ನು ಕಾವೇರಿಗೆ ಗೆಳತಿಯೊಬ್ಬಳು ಇದ್ದಿದ್ದರೆ? ಮನೆಗೆ ಮರಳಿದ ಮೇಲೆ ಆಕೆಯ ಸುತ್ತ ಗಂಡ, ಮಕ್ಕಳು, ನೆರೆಹೊರೆ ಇವಿಷ್ಟೇ. ಕಾದಂಬರಿಯ ದುರಂತಕ್ಕೆ ಈ ಒಂಟಿತನ ಬೇಕು. ಯಾರಾದರೊಬ್ಬರು ವಾರಕ್ಕೊಮ್ಮೆ ಬಂದು ಸುಮ್ಮನೆ ಕಾಫಿ ಕುಡಿದು ಹೋಗುತ್ತಿದ್ದರೆ ಪಂಜರದ ಒಂದು ಬಾಣವಾದರೂ ಸಡಿಲವಾಗುತ್ತಿತ್ತು, ಕಥೆಯ ಬಿಗಿಯೂ ಅಷ್ಟೇ ಸಡಿಲವಾಗುತ್ತಿತ್ತು.

‘ಅಂಚು’ ಈ ಕೊರತೆಯನ್ನು ತುಂಬುವಂತೆ ಕಾಣುತ್ತದೆ. ಸಾವಿನ ಸೆಳೆತಕ್ಕೆ ಮತ್ತೆ ಮತ್ತೆ ಸಿಲುಕುವ ಅಮೃತಾ, ಆಕೆಯನ್ನು ಅಂಚಿನಿಂದ ಹಿಂದಕ್ಕೆ ಎಳೆಯುವ ವಾಸ್ತುಶಿಲ್ಪಿ ಸೋಮಶೇಖರ, ಇಬ್ಬರ ನಡುವೆಯೇ ಕಾದಂಬರಿ ಸಾಗುತ್ತದೆ. ಆಕೆ ಹೀಯಾಳಿಸುತ್ತಾಳೆ, ಹೊರಹಾಕುತ್ತಾಳೆ. ಆತ ಮರಳಿ ಬರುತ್ತಾನೆ. ಜತೆಗಿರುವವನ ದಣಿವು ಎಂಥದೆಂದು ಕನ್ನಡದಲ್ಲಿ ಇಷ್ಟು ದೀರ್ಘವಾಗಿ ಬರೆದ ಕೃತಿ ನನಗೆ ಗೊತ್ತಿಲ್ಲ. ಒಂದೇ ಬಗೆಯ ಜಗಳ, ಒಂದೇ ಬಗೆಯ ರಾಜಿ ಪುಟಪುಟಗಳಲ್ಲಿ ಮರಳಿ ಬರುತ್ತವೆಂಬುದು ಈ ಕಾದಂಬರಿಯ ಮೇಲೆ ಹೊರಿಸಬಹುದಾದ ಆಕ್ಷೇಪ. ಮೊದಲ ಓದಿನಲ್ಲಿ ನನ್ನದೂ ಅದೇ ಆಗಿತ್ತು. ಈಗ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಪುನರಾವೃತ್ತಿಯೇ ರೋಗದ ನಿಜವಾದ ಲಯ.

ಆದರೆ ಇದನ್ನೂ ಓದಿದ ಗೆಳೆಯ ಅಂದದ್ದು ಬೇರೆ. “ಅವನು ಅವಳನ್ನು ಪ್ರೀತಿಸದೆ ಇದ್ದಿದ್ದರೆ ಬರುತ್ತಿದ್ದನೇನೋ?” ಸೋಮಶೇಖರನ ತಾಳ್ಮೆಗೆ ಪ್ರೇಮದ ಆಧಾರವಿದೆ. ಭೈರಪ್ಪನವರು ಆ ಆಧಾರವಿಲ್ಲದೆ ತಾಳ್ಮೆಯನ್ನು ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ. ಪ್ರೇಮಕ್ಕೆ ಕನ್ನಡ ಕಾದಂಬರಿಯಲ್ಲಿ ಸಿದ್ಧ ಭಾಷೆಯುಂಟು. ಸ್ನೇಹಕ್ಕೆ, ಅದರಲ್ಲೂ ಬೇಸರಬಂದ ಸ್ನೇಹಕ್ಕೆ, ಅಂಥದೊಂದನ್ನು ನಾನು ಕಾಣೆ. ಅವನ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಎಂಟು ತಿಂಗಳ ಕಾಲ ಅವನ ಮನೆಯ ಕಡೆ ತಲೆಹಾಕದೆ ಇದ್ದದ್ದು ನಮ್ಮಿಬ್ಬರಿಗೂ ನೆನಪಿತ್ತು.

ಗಡಿನಾಡಿನ ಓದುಗನಿಗೆ ಇನ್ನೊಂದು ತೊಡಕು ಇದೆ. ಈ ಎರಡೂ ಕೃತಿಗಳ ರೋಗಿಗಳು ಒಂದೇ ಭಾಷೆಯಲ್ಲಿ ನರಳುತ್ತಾರೆ. ನಮ್ಮಲ್ಲಿ ಹಾಗಲ್ಲ. ಮನೆಯಲ್ಲಿ ‘ಗಾಳಿ ಸೋಕಿದೆ’ ಎಂದರು, ಬೀದಿಯಲ್ಲಿ ‘ಪೈತ್ಯಂ’ ಎಂದರು. (ಈ ತಮಿಳು ಮಾತಿನ ಮೂಲದಲ್ಲಿಯೂ ನಮ್ಮ ‘ಪಿತ್ತ ನೆತ್ತಿಗೇರಿದೆ’ ಎಂಬ ನುಡಿಯಲ್ಲಿಯೂ ಇರುವುದು ಒಂದೇ ಪಿತ್ತ.) ಸರ್ಕಾರಿ ಕಾಗದಗಳು ತಮಿಳಿನಲ್ಲಿ, ಔಷಧದ ಚೀಟಿ ಇಂಗ್ಲಿಷಿನಲ್ಲಿ. ಅವನಿಗೆ ಕೇಳಿಸುತ್ತಿದ್ದ ದನಿಗಳು ಮಾತ್ರ ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದವು, ಅದೂ ಅವನ ಪ್ರಾಥಮಿಕ ಶಾಲೆಯ ಕನ್ನಡದಲ್ಲಿ. ಇದನ್ನು ಆತ ವೈದ್ಯರಿಗೆ ಹೇಳುವಾಗ ನಕ್ಕಿದ್ದ. ಈ ಬಹುಭಾಷೆಯ ನರಳಿಕೆ ಮೈಸೂರನ್ನು ಕೇಂದ್ರವಾಗಿಟ್ಟುಕೊಂಡ ನಮ್ಮ ಕಾದಂಬರಿಗೆ ಎಟುಕಿಲ್ಲ.

ಸಾಹಿತ್ಯ ಕೊಡದ ಜಾಗವನ್ನು ಕೊಟ್ಟದ್ದು, ಆಶ್ಚರ್ಯವೆಂದರೆ, ಕಾಯಿದೆ. 2001ರ ಆಗಸ್ಟ್ 6ರಂದು ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಮನೋರೋಗಿಗಳು ಸತ್ತರು. ಗೆಳೆಯನನ್ನೂ ಅಂಥದೊಂದು ಕಡೆ ಬಿಡುವ ಮಾತು ಅವನ ಮನೆಯಲ್ಲಿ ನಡೆಯುತ್ತಿದ್ದ ದಿನಗಳವು. ತಮಿಳು ಓದಲು ಬಾರದ ಅವನ ತಾಯಿಗೆ ಪತ್ರಿಕೆಯ ಸುದ್ದಿಯನ್ನು ಕನ್ನಡದಲ್ಲಿ ಓದಿ ಹೇಳಿದವನು ನಾನು. ಆ ಮಾತು ಅಲ್ಲಿಗೇ ನಿಂತಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ನಿಷೇಧಿಸಿತು. ಅಲ್ಲದೆ ಅದರ 14ನೆಯ ಕಲಮು, ಪ್ರಾಯಕ್ಕೆ ಬಂದ ಯಾರೇ ಆಗಲಿ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯೊಬ್ಬರನ್ನು ತಾನೇ ಹೆಸರಿಸಬಹುದೆಂದು ಹೇಳುತ್ತದೆ. ಆ ವ್ಯಕ್ತಿ ನೆಂಟನೇ ಆಗಿರಬೇಕಿಲ್ಲ. ಬಿಳಿಯ ಹಾಳೆಯೊಂದರಲ್ಲಿ ಬರೆದು ಸಹಿ ಮಾಡಿದರೆ, ಇಲ್ಲವೇ ಹೆಬ್ಬೆಟ್ಟು ಒತ್ತಿದರೆ ಸಾಕು.

ತಾಯಿ ತೀರಿಕೊಂಡ ವರ್ಷ ಗೆಳೆಯ ಅಂಥ ಹಾಳೆಯೊಂದನ್ನು ಬರೆದ. ನಡುಗುವ ಕೈಯಲ್ಲಿಯೂ ಶಾಲೆಯ ಕರಿಹಲಗೆಯ ಮೇಲಿನ ದುಂಡನೆಯ ಅಕ್ಷರಗಳೇ. ನನ್ನ ಹೆಸರಿನ ಮುಂದೆ ಸಂಬಂಧವೇನೆಂದು ಬರೆಯುವಲ್ಲಿ ಸ್ವಲ್ಪ ಹೊತ್ತು ತಡೆದು, ‘ಗೆಳೆಯ’ ಎಂದು ಬರೆದು, ಅದರ ಕೆಳಗೆ ಒಂದು ಗೆರೆ ಎಳೆದ. ಅದರ ಪ್ರತಿಯೊಂದು ನನ್ನಲ್ಲಿರುವ ‘ಶರಪಂಜರ’ದ ಪುಟಗಳ ನಡುವೆ ಇದೆ. ಪುಸ್ತಕ ಅವನದು, ಇನ್ನೂ ಹಿಂದಿರುಗಿಸಿಲ್ಲ.