ಮೂರು ಸುದ್ದಿ, ಒಂದು ಕಬ್ಬಿನ ಹೊಲ

ಕನ್ನಡದಲ್ಲಿ ಫ್ರೀಲಾನ್ಸ್ ಪತ್ರಕರ್ತರನ್ನು ‘ಹವ್ಯಾಸಿ ಪತ್ರಕರ್ತ’ ಎಂದು ಕರೆಯುವ ರೂಢಿ ಇದೆ. ಸಂಬಳ ಕೊಡುವ ಪತ್ರಿಕೆ ಇಲ್ಲದವರು ಹವ್ಯಾಸಕ್ಕಾಗಿ ಬರೆಯುತ್ತಾರೆ ಎಂಬ ಸಣ್ಣ ತಾತ್ಸಾರ ಆ ಮಾತಿನೊಳಗೆ ಕೂತಿದೆ. ಪಿ. ಸಾಯಿನಾಥ್ ಅವರ ಪುಸ್ತಕವನ್ನು ಈಚೆಗೆ ಮತ್ತೆ ಓದುವಾಗ ಈ ಪದ ನನ್ನನ್ನು ಕಾಡಿತು. 1993ರಲ್ಲಿ ‘ಬ್ಲಿಟ್ಜ್’ ವಾರಪತ್ರಿಕೆಯ ಕೆಲಸ ಬಿಟ್ಟು, ಒಂದು ಫೆಲೋಶಿಪ್ ನೆಚ್ಚಿಕೊಂಡು, ದೇಶದ ಅತಿ ಬಡ ಜಿಲ್ಲೆಗಳನ್ನು ಸುತ್ತಲು ಹೊರಟವರು ಅವರು. ಆ ವರದಿಗಳು 1996ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾದವು. ಜಿ.ಎನ್. ಮೋಹನ್ ಅದನ್ನು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ತಂದರು. ಇಂಗ್ಲಿಷ್ ಶೀರ್ಷಿಕೆಯಲ್ಲಿ ಬರಕ್ಕೆ ‘ಒಳ್ಳೆಯ’ ಎಂಬ ವಿಶೇಷಣದ ಕೊಂಕು ಇತ್ತು. ಕನ್ನಡದಲ್ಲಿ ಅದು ಬಿಟ್ಟುಹೋಗಿ, ‘ಎಂದರೆ’ಯ ಜಾಗಕ್ಕೆ ‘ಅಂದ್ರೆ’ ಬಂದಿದೆ. ಕಟ್ಟೆಯ ಮೇಲೆ ಕೂತು ಆಡಿದ ಮಾತಿನ ಧಾಟಿ ಅದು. ಕೊಂಕು ಹೋದರೂ ಸಲುಗೆ ಬಂತು ಎಂದು ನನಗೆ ಅನಿಸುತ್ತದೆ.

ಇದನ್ನು ಈಗ ಓದಬೇಕಾದ ಕಾರಣ ಬೇರೆಯೇ ಇದೆ. ಇಂದಿನ ಪತ್ರಿಕೆಯಲ್ಲಿ ಸ್ವಚ್ಛ ಇಂಧನದ ಸುದ್ದಿ ವಾಣಿಜ್ಯ ಪುಟಕ್ಕೆ ಹೋಗುತ್ತದೆ, ಮಕ್ಕಳ ಸುದ್ದಿ ಶಿಕ್ಷಣದ ಪುಟಕ್ಕೆ, ವಲಸಿಗರ ಸುದ್ದಿ ಅಪಘಾತವಾದರೆ ಜಿಲ್ಲಾ ಪುಟಕ್ಕೆ. ಪ್ರತಿ ಪುಟಕ್ಕೂ ಒಬ್ಬೊಬ್ಬ ವರದಿಗಾರ. ಸಾಯಿನಾಥ್ ಅವರಿಗೆ ಇಂಥದ್ದೇ ಪುಟ ಎಂದು ಯಾರೂ ಹಂಚಿಕೊಟ್ಟಿರಲಿಲ್ಲ. ಅವರು ಮನುಷ್ಯರ ಹಿಂದೆ ಹೋದರು. ಹಾಗಾಗಿ ಮೂರೂ ಸುದ್ದಿಗಳು ಒಂದೇ ದಾರಿಯಲ್ಲಿ ಸಿಕ್ಕವು.

ಗೊಡ್ಡಾ ಜಿಲ್ಲೆಯ ವರದಿಯನ್ನೇ ನೋಡಿ. ಆಗ ಬಿಹಾರದಲ್ಲಿದ್ದ ಈ ಜಿಲ್ಲೆ ಈಗ ಜಾರ್ಖಂಡಿನಲ್ಲಿದೆ. ಅಲ್ಲಿ ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ಸುಮಾರು 250 ಕಿಲೋ ಕಲ್ಲಿದ್ದಲು ಹೇರಿಕೊಂಡು ಹತ್ತಾರು ಕಿಲೋಮೀಟರ್ ತಳ್ಳುತ್ತಾನೆ. ಲೇಖಕ ಅವನ ಜೊತೆ ನಡೆಯುತ್ತಾರೆ. ಭಾರ ಎಷ್ಟು, ದೂರ ಎಷ್ಟು, ಕೊನೆಗೆ ಕೈಯಲ್ಲಿ ಉಳಿಯುವುದೆಷ್ಟು ಎಂದು ಕೇಳುತ್ತಾರೆ. ಕಣ್ಣೀರಿನ ವಾಕ್ಯಗಳಿಲ್ಲ, ಲೆಕ್ಕವೇ ಓದುಗನ ಎದೆಗೆ ತಾಗುತ್ತದೆ. ಒಡಿಶಾದ ಕೋರಾಪುಟ್ ಜಿಲ್ಲೆಯ ಚಿಕಾಪರ್ ಊರಿನ ವರದಿಯೂ ಹಾಗೆಯೇ. ಮೊದಲು ಮಿಗ್ ವಿಮಾನ ಕಾರ್ಖಾನೆಗಾಗಿ ಎದ್ದು ಹೋದ ಜನ ಬೇರೆಡೆ ಮನೆ ಕಟ್ಟಿ, ಹೊಸ ಊರಿಗೂ ಹಳೆಯ ಹೆಸರನ್ನೇ ಇಟ್ಟರು. ಆಮೇಲೆ ಮೇಲ್ ಕೋಲಾಬ್ ಯೋಜನೆ ಬಂತು, ಮತ್ತೆ ಎದ್ದರು. ಜಲವಿದ್ಯುತ್ತಿನಲ್ಲಿ ಹೊಗೆಯಿಲ್ಲ, ಇಂದಿನ ಲೆಕ್ಕದಲ್ಲಿ ಅದು ಸ್ವಚ್ಛ. ಚಿಕಾಪರಿನವರಿಗೆ ಮಾತ್ರ ವಿಮಾನಕ್ಕೂ ವಿದ್ಯುತ್ತಿಗೂ ವ್ಯತ್ಯಾಸ ಕಾಣಲಿಲ್ಲ. ಎರಡು ಸಲವೂ ಗಂಟು ಕಟ್ಟಿದ್ದು ಅವರೇ.

ನಾನು ಇದನ್ನು ಓದಿದ್ದು ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿ. ತಾಲ್ಲೂಕಿನ ಪಶ್ಚಿಮಕ್ಕೆ ಕಾಡು, ನಮ್ಮ ಕಡೆ ಬಯಲು ಮತ್ತು ಕಬ್ಬು. ಹಂಗಾಮು ಶುರುವಾದರೆ ಕಟಾವಿನ ಗ್ಯಾಂಗುಗಳು ಬರುತ್ತವೆ. ಕೆಲವು ಮಹಾರಾಷ್ಟ್ರದ ಮರಾಠವಾಡದಿಂದ, ಕೆಲವು ನಮ್ಮದೇ ರಾಜ್ಯದ ತಾಂಡಾಗಳಿಂದ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ‘ಕೊಯ್ತಾ’. ಕುಡುಗೋಲಿನ ಹೆಸರೇ ಜೋಡಿಯ ಹೆಸರು. ಮುಕಾದಮನಿಂದ ಮೊದಲೇ ಮುಂಗಡ ಪಡೆದಿರುತ್ತಾರೆ, ಟನ್ನಿನ ಲೆಕ್ಕದಲ್ಲಿ ಅದನ್ನು ಮುರಿದುಕೊಳ್ಳಲಾಗುತ್ತದೆ. ಕಬ್ಬು ಕಡಿದು, ರವದಿ ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವುದು ಅವರ ಕೆಲಸ. ಎಂಟು ಹತ್ತು ವರ್ಷದ ಮಗಳು ಗುಡಿಸಲಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾಳೆ.

ಆ ಟ್ರ್ಯಾಕ್ಟರ್ ಹೋಗುವ ಕಾರ್ಖಾನೆಯಿಂದ ಈಗ ಹೊರಬರುವುದು ಸಕ್ಕರೆ ಮಾತ್ರವಲ್ಲ. ಸಿಪ್ಪೆ ಉರಿಸಿ ವಿದ್ಯುತ್ ತೆಗೆಯುತ್ತಾರೆ, ರಸ ಮತ್ತು ಕಾಕಂಬಿಯಿಂದ ಎಥೆನಾಲ್. ಪೆಟ್ರೋಲಿಗೆ ಶೇ 10 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2022ರಲ್ಲಿ ಮುಟ್ಟಿತು. ಶೇ 20ರ ಗುರಿಯ ಗಡುವು ಮೊದಲು 2030 ಇತ್ತು, ಅದನ್ನು ಐದು ವರ್ಷ ಹಿಂದಕ್ಕೆ ತಂದರು. ಹೀಗೆ ಸ್ವಚ್ಛ ಇಂಧನ, ಮಗು, ವಲಸೆ ಮೂರೂ ಒಂದೇ ಹೊಲದಲ್ಲಿ ನಿಂತಿವೆ. ಶೇ 20ರ ಬಗ್ಗೆ ಪೆಟ್ರೋಲ್ ಬಂಕಿನ ಹುಡುಗನೂ ಮಾತಾಡುತ್ತಾನೆ. ಗುಡಿಸಲಿನ ಹುಡುಗಿ ಈ ತಿಂಗಳು ಎಷ್ಟು ದಿನ ಶಾಲೆಗೆ ಹೋದಳು ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಅವಳ ಹೆಸರು ಊರಿನ ಹಾಜರಿ ಪುಸ್ತಕದಲ್ಲಿದೆ, ಅವಳು ಇಲ್ಲಿದ್ದಾಳೆ.

ಭಾಷೆ ಬರುವುದಿಲ್ಲ ಎಂಬ ಸಬೂಬು ಖಾನಾಪುರದಲ್ಲಿ ನಡೆಯುವುದಿಲ್ಲ. ಇಲ್ಲಿ ಕನ್ನಡ ಶಾಲೆಯೂ ಇದೆ, ಸರ್ಕಾರಿ ಮರಾಠಿ ಶಾಲೆಯೂ ಇದೆ. ಬೀಡ್ ಜಿಲ್ಲೆಯ ಮಗುವಿಗೂ ವಿಜಯಪುರದ ತಾಂಡಾದ ಮಗುವಿಗೂ ಕೂರಲು ಬೆಂಚು ಸಿಗಬಹುದು. ಸಿಗದಿರುವುದು ಬಿಡುವು. ತಮ್ಮನನ್ನು ಎತ್ತಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ ಬೆಂಚು ಖಾಲಿಯೇ. ಅಂದರೆ ಅಂಗನವಾಡಿಯ ಪ್ರಶ್ನೆ ಬಿಡಿಸದೆ ಶಾಲೆಯ ಪ್ರಶ್ನೆ ಬಿಡಿಸಲಾಗದು. ಇದು ಶಿಕ್ಷಣದ ಪುಟದ ವರದಿಗಾರನಿಗೂ ಇಂಧನದ ಪುಟದ ವರದಿಗಾರನಿಗೂ ಒಂಟಿಯಾಗಿ ಕಾಣುವ ವಿಷಯವಲ್ಲ.

ಪಾವಗಡದಲ್ಲೂ ಇಂಥದೇ ನೋಟ ಬೇಕಾಗುತ್ತದೆ. ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟ್ ಸೌರ ಪಾರ್ಕ್ ಬಂದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ನಿಗದಿಯಾಯಿತು. ಮಳೆ ನಂಬಿ ಸೋತಿದ್ದ ರೈತರಿಗೆ ಅದು ದೊಡ್ಡ ಆಸರೆ, ಅದನ್ನು ಅಲ್ಲಗಳೆಯಬಾರದು. ಆದರೆ ಜಮೀನಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯಲ್ಲಿ ಪಾಲಿಲ್ಲ. ಎಷ್ಟು ಮೆಗಾವಾಟ್ ಎಂದು ಕೇಳಿದವರಿಗೆ ಒಂದು ಕತೆ ಸಿಗುತ್ತದೆ, ಕೂಲಿಯವರು ಎಲ್ಲಿ ಹೋದರು ಎಂದು ಕೇಳಿದವರಿಗೆ ಇನ್ನೊಂದು.

ಸಾಯಿನಾಥ್ ಪುಸ್ತಕದ ಬಗ್ಗೆ ನನಗೆ ಒಂದು ತಕರಾರೂ ಇದೆ. ಶಾಲೆಗಳ ಕುರಿತ ಭಾಗದಲ್ಲಿ ಕಟ್ಟಡ, ಮೇಷ್ಟ್ರು, ಅನುದಾನ ಎಲ್ಲ ಕಣ್ಣಿಗೆ ಕಟ್ಟುತ್ತವೆ. ಆಡಳಿತವನ್ನು ಗೇಲಿ ಮಾಡುವಾಗ ಅವರ ಬರವಣಿಗೆ ಹರಿತ. ಮಕ್ಕಳು ಮಾತ್ರ, ನನ್ನ ಓದಿನಲ್ಲಿ, ಹೆಚ್ಚಾಗಿ ಸಾಕ್ಷಿಗಳಾಗಿ ನಿಲ್ಲುತ್ತಾರೆ, ಮಾತಾಡುವುದು ಕಡಿಮೆ. ಕಲ್ಲಿದ್ದಲು ತಳ್ಳುವವನ ಜೊತೆ ನಡೆದ ಹಾಗೆ ಒಬ್ಬ ಹುಡುಗಿಯ ಜೊತೆ ಇಡೀ ದಿನ ಕೂತ ವರದಿ ನನಗೆ ಬೇಕಿತ್ತು. ಅವಳಿಗೆ ಹಸಿವಾಗುವುದು ಯಾವಾಗ, ಹೆದರಿಕೆ ಯಾವುದರದ್ದು, ಆಡುವುದು ಯಾರ ಜೊತೆ ಎಂಬುದು ಅನುದಾನದ ಲೆಕ್ಕದಲ್ಲಿ ಬರುವುದಿಲ್ಲ. ಮಕ್ಕಳ ಯೋಗಕ್ಷೇಮ ಎಂದರೆ ಇದೂ ಹೌದು.

2014ರಲ್ಲಿ ಅವರು ಕಟ್ಟಿದ ‘ಪರಿ’ ಎಂಬ ಗ್ರಾಮೀಣ ಪತ್ರಾಗಾರ ಈ ಕೊರತೆಯನ್ನು ಒಂದಷ್ಟು ತುಂಬುತ್ತಿದೆ. ಅಲ್ಲಿನ ಬರಹಗಳು ಕನ್ನಡದಲ್ಲೂ ಸಿಗುತ್ತವೆ. ಪಾರ್ಥ್ ಎಂ.ಎನ್. ಅವರಂಥ ಸ್ವತಂತ್ರ ಪತ್ರಕರ್ತರು ಮರಾಠವಾಡದ ರೈತರನ್ನು, ಕಬ್ಬು ಕಡಿಯಲು ಗುಳೆ ಹೋಗುವವರನ್ನು ಹಿಂಬಾಲಿಸಿ ಅಲ್ಲಿ ಬರೆದಿದ್ದಾರೆ. ಆದರೂ ಗುಳೆ ಹೊರಡುವ ಊರಿನ ಕತೆಗಳು ನಮಗೆ ಹೆಚ್ಚು ಸಿಗುತ್ತವೆ. ಗುಳೆ ಬಂದು ಇಳಿಯುವ ಊರಿನ ಕತೆಯನ್ನು ಇಳಿಯುವ ಊರಿನವರೇ ಬರೆಯಬೇಕು. ಆ ಊರು ನಮ್ಮದು. ಕಬ್ಬು ನಮ್ಮದು, ಬಿಲ್ಲು ನಮ್ಮ ಖಾತೆಗೆ ಬರುತ್ತದೆ. ಹಾಗಾಗಿ ಬರೆಯುವುದು ಮುಜುಗರದ ಕೆಲಸವೂ ಹೌದು.

ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು ಈ ಪುಸ್ತಕವನ್ನು ಪರೀಕ್ಷೆಗಾಗಿ ಓದುತ್ತಾರೆ ಎಂದು ಕೇಳಿದ್ದೇನೆ. ಓದಿದ ಮೇಲೆ ಒಂದು ದಿನ ಹತ್ತಿರದ ಕಟಾವಿನ ಹೊಲಕ್ಕೆ ಹೋಗಿ, ಸಾಯಿನಾಥ್ ಕೇಳುವ ಮೂರು ಪ್ರಶ್ನೆಗಳನ್ನೇ ಕೇಳಲಿ: ಭಾರ ಎಷ್ಟು, ದೂರ ಎಷ್ಟು, ಉಳಿಯುವುದೆಷ್ಟು. ಆಮೇಲೆ ಗುಡಿಸಲ ಬಳಿ ಕೂತು, ಅವರು ಕೇಳದ ನಾಲ್ಕನೆಯದನ್ನು ಆ ಹುಡುಗಿಗೆ ಕೇಳಲಿ.