ಬೆಳಗಾದ ಮೇಲಿನ ಭಯ

ಜಾರ್ಜ್ ರೊಮೆರೊನ ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಹೆದರಿಸುವ ಚಿತ್ರ ಅನ್ನೋದರಲ್ಲಿ ಯಾರದೂ ತಕರಾರಿಲ್ಲ. ಆ ಹೆದರಿಕೆ ಯಾರದು ಅನ್ನೋದು ನನ್ನ ಪ್ರಶ್ನೆ. ಸತ್ತವರು ಎದ್ದು ಬಂದು ಬದುಕಿದ್ದವರನ್ನು ತಿನ್ನುತ್ತಾರೆ. ಪೆನ್ಸಿಲ್ವೇನಿಯಾದ ಒಂಟಿಮನೆಯೊಂದರಲ್ಲಿ ಏಳು ಜನ ಸಿಕ್ಕಿಬಿದ್ದಿದ್ದಾರೆ. ಆರು ಜನ ಬಿಳಿಯರು. ಏಳನೆಯವನು ಬೆನ್, ಕಪ್ಪು ಮನುಷ್ಯ.

ಬೆನ್ ಪಾತ್ರವನ್ನು ಕಪ್ಪು ನಟನಿಗೆಂದು ಬರೆದಿರಲಿಲ್ಲ, ಬಂದವರಲ್ಲಿ ಡ್ವೇನ್ ಜೋನ್ಸ್ ಚೆನ್ನಾಗಿ ನಟಿಸಿದ, ಅದಕ್ಕೇ ತಗೊಂಡೆವು ಅಂತ ರೊಮೆರೊ ಕಡೆಯವರೆಗೂ ಹೇಳುತ್ತಿದ್ದ. ಚಿತ್ರದಲ್ಲಿ ಯಾರೂ ಅವನ ಬಣ್ಣದ ಮಾತೆತ್ತುವುದಿಲ್ಲ. ಹಾಗಾಗಿ ಇದು ವರ್ಣದ ಕಥೆಯಲ್ಲ, ‘ಮನುಷ್ಯ’ರ ಕಥೆ ಅನ್ನುವವರಿದ್ದಾರೆ. ಈ ರಾಗ ನಮಗೆ ಹಳೆಯದು. ಕೃತಿಯಲ್ಲಿ ಜಾತಿಯ ಹೆಸರೇ ಇಲ್ಲ, ನೀವ್ಯಾಕೆ ಎತ್ತುತ್ತೀರಿ ಅಂತ ನಮ್ಮನ್ನೂ ಕೇಳುತ್ತಾ ಬಂದಿದ್ದಾರಲ್ಲ. ಕೃತಿಯ ಅರ್ಥ ಕರ್ತೃವಿನ ಹೆಸರಿಗೆ ಖಾತೆಯಾದ ಜಮೀನಲ್ಲ. ಕಪ್ಪು ಜನರ ಹೋರಾಟದಿಂದ ‘ಪ್ಯಾಂಥರ್ಸ್’ ಎಂಬ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ಯುವಕರು ತಂದುಕೊಂಡರು. ಅವರ ಚಿತ್ರಗಳನ್ನು ನಮ್ಮ ಕಣ್ಣಿನಿಂದ ಓದೋದಕ್ಕೆ ಯಾರ ಅಪ್ಪಣೆ ಬೇಕು?

ಈ ಚಿತ್ರದಲ್ಲಿ ‘ಝಾಂಬಿ’ ಎಂಬ ಪದವೇ ಇಲ್ಲ. ಜನ ಆಮೇಲೆ ಅಂಟಿಸಿದ್ದು. ಹೈಟಿಯ ನಂಬಿಕೆಯ ಝಾಂಬಿ ಯಾರನ್ನೂ ತಿನ್ನೋದಿಲ್ಲ. ಅದು ಒಡೆಯನೊಬ್ಬ ಎಬ್ಬಿಸಿ ದುಡಿಸಿಕೊಳ್ಳುವ ಹೆಣ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಜೀತಕ್ಕೆ ಬಿದ್ದ ಆಫ್ರಿಕದವರ ಭಯ ಅದರೊಳಗಿದೆ: ಸತ್ತರೂ ಬಿಡುಗಡೆ ಇಲ್ಲವೇನೋ ಎಂಬ ಭಯ. ‘ವೈಟ್ ಝಾಂಬಿ’ (1932) ಚಿತ್ರದಲ್ಲಿ ಸಕ್ಕರೆ ಗಿರಣಿಯೊಳಗೆ ಹೆಣಗಳು ಗಾಣ ತಿರುಗಿಸುತ್ತವೆ. ಒಬ್ಬ ಗಾಣದೊಳಕ್ಕೆ ಬಿದ್ದರೂ ಉಳಿದವರ ಕೈ ನಿಲ್ಲೋದಿಲ್ಲ. ಆದರೆ ಆ ಚಿತ್ರದ ಕಣ್ಣೀರೆಲ್ಲ ಝಾಂಬಿಯಾದ ಒಬ್ಬ ಬಿಳಿ ಹೆಣ್ಣಿಗೆ ಮೀಸಲು. ಅಲ್ಲಿಂದ 36 ವರ್ಷಕ್ಕೆ ರೊಮೆರೊನ ಹೆಣಗಳಿಗೆ ಒಡೆಯನೇ ಇಲ್ಲ, ದುಡಿಮೆಯೂ ಇಲ್ಲ. ಅವು ಬಾಗಿಲು ಬಡಿಯುತ್ತಿವೆ. ಜೀತದವನ ಭಯ ಮನೆಯೊಡೆಯನ ಭಯವಾಗಿಬಿಟ್ಟಿದೆ. ಮೊದಲನೇ ಭಯದ ವಾರಸುದಾರನಾಗಬೇಕಿದ್ದ ಬೆನ್ ಈಗ ಯಾರದೋ ಮನೆಗೆ ಹಲಗೆ ಹೊಡೆಯುತ್ತಾ ಕಾವಲು ನಿಂತಿದ್ದಾನೆ!

ಒಳಗಿರುವ ಹ್ಯಾರಿ ಕೂಪರ್‌ಗೆ ಇದೇ ಸಂಕಟ. ನೆಲಮಾಳಿಗೆಯೇ ಕ್ಷೇಮ ಅಂತ ಅವನ ಹಟ. ಕೆಳಗೆ ನೀನು ಯಜಮಾನ, ಮೇಲೆ ನಾನು ಅನ್ನುತ್ತಾನೆ ಬೆನ್. ಕೂಪರ್‌ನ ಬಾಯಲ್ಲಿ ಬಣ್ಣದ ಮಾತಿಲ್ಲ, ನೋಟದಲ್ಲೆಲ್ಲ ಅದೇ. ತಮಾಷೆಯೆಂದರೆ ಕೊನೆಗೆ ಬೆನ್ ಜೀವ ಉಳಿಯೋದು ಆ ನೆಲಮಾಳಿಗೆಯಲ್ಲೇ. ಬೆನ್‌ನನ್ನು ಗುಡಿ ಕಟ್ಟಿ ಕೂರಿಸೋದು ದಲಿತ ವಿಮರ್ಶೆಯ ಕೆಲಸ ಅಲ್ಲ. ದಿಗಿಲುಬಿದ್ದ ಬಾರ್ಬರಾಳಿಗೆ ಅವನು ಹೊಡೆಯುತ್ತಾನೆ. ಕೂಪರ್‌ನ ಕೈಯಿಂದ ಬಂದೂಕು ಕಸಿದುಕೊಂಡ ಮೇಲೂ ಅವನಿಗೆ ಗುಂಡಿಡುತ್ತಾನೆ. ಬಾರ್ಬರಾಳಿಗಂತೂ ಚಿತ್ರ ಹೆಚ್ಚು ಮಾತು ಕೊಟ್ಟಿಲ್ಲ. ಇದನ್ನು ನಮ್ಮ ಹೆಣ್ಣುಮಕ್ಕಳು ಬರೆಯಬೇಕು.

ಬೆಳಗಾಗುತ್ತದೆ. ಏಳು ಜನರಲ್ಲಿ ಉಳಿದವನು ಬೆನ್ ಒಬ್ಬನೇ. ಬಂದೂಕು, ನಾಯಿಗಳ ಸಮೇತ ಬಿಳಿಯರ ತಂಡ ಬರುತ್ತದೆ, ಜೊತೆಗೆ ಶೆರಿಫ್. ಸದ್ದು ಕೇಳಿ ಬೆನ್ ಕಿಟಕಿಗೆ ಬರುತ್ತಾನೆ. ಗುಂಡು ಹಣೆಗೇ. ತರಗತಿಯಲ್ಲಿ ಈ ಚಿತ್ರ ತೋರಿಸಿದಾಗ ಹುಡುಗನೊಬ್ಬ ಕೇಳಿದ: “ಸಾರ್, ಒಂದ್ಸಲ ಕೂಗಿ ನೋಡಬಹುದಿತ್ತಲ್ವಾ?” ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಹೆಣವೋ ಮನುಷ್ಯನೋ ಅಂತ ವಿಚಾರಿಸುವ ಅಗತ್ಯವೇ ಅವರಿಗೆ ಬರಲಿಲ್ಲ.

ಚಿತ್ರ ಮುಗಿದು, ಅದರ ಪ್ರತಿ ಹಿಡಿದು ನ್ಯೂಯಾರ್ಕ್‌ಗೆ ಹೋಗುವ ದಾರಿಯಲ್ಲಿ, 1968ರ ಏಪ್ರಿಲ್‌ನಲ್ಲಿ, ರೊಮೆರೊ ಮಾರ್ಟಿನ್ ಲೂಥರ್ ಕಿಂಗ್‌ರ ಕೊಲೆಯ ಸುದ್ದಿಯನ್ನು ಕಾರಿನ ರೇಡಿಯೋದಲ್ಲಿ ಕೇಳಿದ. ಅಂದರೆ ಕೊಲೆಯನ್ನು ನೋಡಿ ಚಿತ್ರ ಮಾಡಿದ್ದಲ್ಲ. ಅಂಥ ಬೆಳಗು ಆ ದೇಶದಲ್ಲಿ ಮೊದಲೇ ಇತ್ತು. ಕಡೆಗೆ ಸಿನಿಮಾದ ಚಲನೆಯೇ ನಿಂತು, ಪತ್ರಿಕೆಯ ಫೋಟೋಗಳಂಥ ಮಸುಕು ಚಿತ್ರಗಳು ಒಂದೊಂದಾಗಿ ಬರುತ್ತವೆ: ಮಾಂಸದ ಕೊಕ್ಕೆಗಳು, ಬೆನ್‌ನ ಮುಖ, ಸುತ್ತ ನಿಂತ ಗಂಡಸರು, ಸೌದೆ. ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ಅಂಚೆಕಾರ್ಡ್ ಮಾಡಿಸಿ ನೆಂಟರಿಗೆ ಕಳಿಸುತ್ತಿದ್ದರು ಅಲ್ಲಿನ ಬಿಳಿಯರು. ಆ ಕಾರ್ಡುಗಳನ್ನು ಕಂಡವರಿಗೆ ಈ ಗಂಡಸರ ಮುಖಗಳು ಹೊಸವಲ್ಲ.