ಯುವ ಸ್ಪಂದನ: ದೇವಸಮುದ್ರದಿಂದ ನೋಡಿದರೆ

ಯುವ ಸ್ಪಂದನದ ಬಗ್ಗೆ ಮೊದಲು ಆಡಬೇಕಾದ್ದು ಮೆಚ್ಚುಗೆಯ ಮಾತೇ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ನಿಮ್ಹಾನ್ಸ್ ಜೊತೆಗೂಡಿ ಯುವಜನರ ಆಪ್ತಸಮಾಲೋಚನೆಗೆಂದು ಕಟ್ಟಿದ ಈ ಕಾರ್ಯಕ್ರಮ ತನ್ನ ಕೇಂದ್ರಗಳಿಗೆ ಆಸ್ಪತ್ರೆಯ ಕೋಣೆ ಕೇಳಲಿಲ್ಲ, ಜಿಲ್ಲಾ ಕ್ರೀಡಾಂಗಣದಲ್ಲಿ ಜಾಗ ಮಾಡಿಕೊಂಡಿತು. ಆಟದ ಬಯಲಿಗೆ ಹೋದವನನ್ನು ಯಾರೂ ಯಾಕೆ ಹೋಗಿದ್ದೆ ಎಂದು ವಿಚಾರಿಸುವುದಿಲ್ಲ. ಮನೋವೈದ್ಯರ ಬಾಗಿಲಲ್ಲಿ ಕಂಡರೆ ಊರೆಲ್ಲ ವಿಚಾರಿಸುತ್ತದೆ; ಹುಡುಗಿಯಾದರೆ ನಾಳೆ ನೋಡಲು ಬರುವ ಗಂಡಿನ ಕಡೆಯವರಿಗೂ ಸುದ್ದಿ ಮುಟ್ಟಿರುತ್ತದೆ. ಮಾತಿಗೆ ಎತ್ತಿಕೊಂಡ ವಿಷಯಗಳೂ ಅಷ್ಟೇ ಜಾಣತನದವು: ಓದು, ಸಂಬಂಧ, ಸುರಕ್ಷತೆ, ಲೈಂಗಿಕತೆ. ಕಾಯಿಲೆಯ ಹೆಸರೇ ಇಲ್ಲ. ಯುವಜನರಿಗೇ ತರಬೇತಿ ಕೊಟ್ಟು ‘ಯುವ ಪರಿವರ್ತಕ’ರನ್ನಾಗಿ ಮಾಡಿದ್ದಂತೂ ಇಡೀ ಯೋಜನೆಯ ಜೀವಾಳ.

ಆದರೆ ಇದನ್ನೆಲ್ಲ ದೇವಸಮುದ್ರದಲ್ಲಿ ನಿಂತು ನೋಡಬೇಕು. ಮೊಳಕಾಲ್ಮುರು ತಾಲ್ಲೂಕಿನ ಈ ಹೋಬಳಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ಮಳೆ ಕೈಕೊಟ್ಟ ವರ್ಷ ಶೇಂಗಾ ಹೋಗುತ್ತದೆ, ಹಿಂದೆಯೇ ಮನೆಯ ದೊಡ್ಡ ಮಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತ ಅವನ ತಂಗಿಯೊಡನೆ ಮಾತಾಡುವವರು ಯಾರು? ಆಪ್ತಸಮಾಲೋಚಕರ ಎದುರು ಕೂರಲು ಅವಳು ದುರ್ಗದ ಕ್ರೀಡಾಂಗಣಕ್ಕೆ ಹೋಗಿ ಸಂಜೆಯೊಳಗೆ ಮರಳಬೇಕು, ಮನೆಯಲ್ಲೊಂದು ಸುಳ್ಳನ್ನೂ ಹೇಳಬೇಕು.

ಫೋನಿದೆಯಲ್ಲ ಎನ್ನಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ, 14416ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ. ಕನ್ನಡದ ಜೊತೆ ತೆಲುಗೂ ಇರುವುದು ಈ ಗಡಿಯವರಿಗೆ ದೊಡ್ಡ ಅನುಕೂಲ. ನಡುರಾತ್ರಿ ಸಾಯುವ ಯೋಚನೆ ಬಂದವರಿಗೆ ಆ ಸಂಖ್ಯೆ ಗೊತ್ತಿರಲೇಬೇಕು. ಆದರೂ ಮನೆಗೊಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಮಗ್ಗ, ಅಡುಗೆ, ಮಲಗುವ ಜಾಗ ಎಲ್ಲ ಒಂದೇ ಸೂರಿನಡಿ. ಗುಟ್ಟಾಗಿ ಅಳಲಿಕ್ಕೂ ಅಲ್ಲಿ ಮೂಲೆಯಿಲ್ಲ.

ನೆರವು ಹಳ್ಳಿಯಿಂದ ದೂರವಿರುವ ಈ ತೊಡಕಿಗೆ ನಿಮ್ಹಾನ್ಸ್ ದಾರಿ ಕಂಡುಕೊಂಡಿದ್ದೇ ಪಕ್ಕದ ಬಳ್ಳಾರಿಯಲ್ಲಿ ಎಂಬುದನ್ನು ನೆನೆಯಬೇಕು. 1980ರ ದಶಕದಲ್ಲಿ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದರು. 1996ರಲ್ಲಿ ದೇಶ ಕೈಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿಯಾಯಿತು. ರೋಗಕ್ಕೆ ಸಲ್ಲಿಸಿದ ಆ ನ್ಯಾಯ ಯುವಜನರ ದಿನನಿತ್ಯದ ಸಂಕಟಕ್ಕೆ ಯಾಕೆ ಸಲ್ಲಬಾರದು? ನಿಮ್ಹಾನ್ಸ್‌ನ 2015–16ರ ಸಮೀಕ್ಷೆಯಲ್ಲಿ 13ರಿಂದ 17ರ ಪ್ರಾಯದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ಅಂದರೆ 60 ಮಕ್ಕಳ ತರಗತಿಯಲ್ಲಿ ಸುಮಾರು ನಾಲ್ವರು. ಅರಿವು ಮೂಡಿಸುವ ಒಂದು ಮಧ್ಯಾಹ್ನದ ಭಾಷಣ ಆ ನಾಲ್ವರನ್ನು ಮುಟ್ಟಲಾರದು.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಯುವ ಸ್ಪಂದನ ಕಲಿಸುವ ಜೀವನ ಕೌಶಲದ ಪಾಠ ಒಬ್ಬೊಬ್ಬರನ್ನೂ ಬಿಡಿಯಾಗಿ ಗಟ್ಟಿಗೊಳಿಸಲು ನೋಡುತ್ತದೆ. ಈ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹುಡುಗಿಯರು ಇಂದಿಗೂ ಹಟ್ಟಿಯ ಹೊರಗೆ ಇರಬೇಕಾಗುತ್ತದೆ. ಮಳೆಯಲ್ಲಿ, ಕತ್ತಲಲ್ಲಿ, ಪರೀಕ್ಷೆಯ ಹಿಂದಿನ ದಿನವೂ. ಅಂಥ ಹುಡುಗಿಗೆ ಒತ್ತಡ ನಿಭಾಯಿಸುವುದನ್ನು ಕಲಿಸುವುದೆಂದರೆ ಹೊರಗಿರುವುದನ್ನು ಸಹಿಸಲು ಕಲಿಸಿದಂತೆ. ಅಲ್ಲಿ ಮಾತು ನಡೆಯಬೇಕಾದ್ದು ಹಟ್ಟಿಯ ಹಿರಿಯರೊಂದಿಗೆ, ಅವಳ ಅವ್ವನೊಂದಿಗೆ. ಪರಿವರ್ತಕರ ತರಬೇತಿಯಲ್ಲಿ ಅದಕ್ಕೆ ಮೊದಲ ಜಾಗ ಸಿಗಬೇಕು.

ದೇವಸಮುದ್ರದಂಥ ಹೋಬಳಿಗೆ ಇದೇ ಸೀಮೆಯ ಒಬ್ಬ ಪರಿವರ್ತಕಿ ಬೇಕು. ವಾರಕ್ಕೊಂದು ಸಂಜೆ ಹಾಸ್ಟೆಲಿನಲ್ಲಿ, ಇನ್ನೊಂದು ಸಂಜೆ ಪಂಚಾಯಿತಿ ಗ್ರಂಥಾಲಯದಲ್ಲಿ ತಪ್ಪದೆ ಕೂರುವವಳು. ಕಾರ್ಯಕ್ರಮದ ವರದಿಯೂ ಎಷ್ಟು ಜನರಿಗೆ ಅರಿವು ಮೂಡಿಸಿದೆವು ಎಂಬಲ್ಲಿಗೆ ನಿಲ್ಲದೆ, ಎಷ್ಟು ಮಂದಿ ಎರಡನೆಯ ಸಲ ತಾವಾಗಿ ಬಂದು ಅವಳ ಪಕ್ಕ ಕೂತರು ಎಂಬುದನ್ನು ಬರೆದಿಡಲಿ.